ಮಾನಪ್ಪನ ಗಾದಿ, ನನ್ನ ಟಿಕ್ಕು

ನಿವೃತ್ತಿಯಾಗಿ ಹತ್ತು ತಿಂಗಳಾಯಿತು. ನನ್ನ ಕಣ್ಣಿಗೆ ಮಾತ್ರ ಇನ್ನೂ ರಜೆ ಸಿಕ್ಕಿಲ್ಲ. ಆನೇಕಲ್ ಬಸ್ಸಿನಲ್ಲಿ ಎದುರು ಕೂತವರ ಮುಖ ನೋಡುವ ಮೊದಲು ಅವರು ಹೇಗೆ ಕೂತಿದ್ದಾರೆ ಅಂತ ನೋಡುತ್ತೇನೆ. ಮಗ್ಗುಲು ಬದಲಿಸುತ್ತಾರೆ, ಕಾಲ ಮೇಲೆ ಕಾಲು ಹಾಕುತ್ತಾರೆ, ಸೀಟಿನ ತುದಿಗೆ ಸರಿಯುತ್ತಾರೆ. ಹಾಗೆ ಸರಿಯುತ್ತಿದ್ದೇವೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಕೂತ ಜಾಗ ನೋಯುತ್ತದೆ, ದೇಹ ತಾನೇ ಸರಿದುಕೊಳ್ಳುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಆ ನೋವು ಬರುವುದಿಲ್ಲ. ಗಂಟೆಗಟ್ಟಲೆ ಒಂದೇ ಕಡೆ ಭಾರ ಬಿದ್ದು, ಅಲ್ಲಿಗೆ ರಕ್ತ ಹೋಗದೆ, ಚರ್ಮ ಸಾಯುತ್ತದೆ. ಅದನ್ನೇ ನಾವು ಒತ್ತಡದ ಹುಣ್ಣು ಅನ್ನುವುದು. ಯಾರಿಗೆ ಆಗಬಹುದು, ಮೈಯಲ್ಲಿ ಎಲ್ಲಿ ಆಗಬಹುದು ಅಂತ ಮುಂಚೆಯೇ ಹುಡುಕಿ ಬರೆದಿಡುವುದು ನನ್ನ ಕೆಲಸವಾಗಿತ್ತು.

ಹೊಸದಾಗಿ ಈ ಕೆಲಸಕ್ಕೆ ಸೇರಿದ ನರ್ಸುಗಳು ಫೋನ್ ಮಾಡಿ, "ಮೇಡಂ, ಯಾವ ಸ್ಕೇಲ್ ಬೆಸ್ಟು?" ಅಂತ ಕೇಳುತ್ತಾರೆ. ಎಲ್ಲ ಸ್ಕೇಲೂ ಒಳ್ಳೆಯದೇ ಕಣಮ್ಮ ಅನ್ನುತ್ತೇನೆ. ಚಲನೆ, ತೇವ, ಊಟ, ಸ್ಪರ್ಶ, ಎಲ್ಲಕ್ಕೂ ಅಂಕ ಹಾಕಿ ಕೂಡಿದರೆ ಅಪಾಯ ಎಷ್ಟು ಅಂತ ಬರುತ್ತದೆ. ಅಂಕ ಹಾಕುವವರ ಬುದ್ಧಿಗೆ ಅಂಕ ಹಾಕುವ ಸ್ಕೇಲನ್ನು ಮಾತ್ರ ಯಾರೂ ಮಾಡಿಲ್ಲ. ಆದ್ದರಿಂದ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಮೋಷನ್ನಿನ ವಿಷಯ ಬಿಡಿ. ಬಂದವು, ಸೀರೆಯ ಅಂಚಿನ ಬಣ್ಣ ಬದಲಾಯಿತು, ಅಷ್ಟೇ.

ಕೆಲಸ ಕಲಿಸಿದವರು ಅನ್ನಮ್ಮ ಸಿಸ್ಟರ್, ನಮ್ಮ ಪುನರ್ವಸತಿ ಕೇಂದ್ರದ ವಾರ್ಡಿನ ಮುಖ್ಯಸ್ಥೆ. ಕೇರಳದವರು. ಮೂವತ್ತು ವರ್ಷ ಕನ್ನಡ ಮಾತಾಡಿದರೂ ಅದು ಅವರ ಬಾಯಲ್ಲಿ ಸ್ವಲ್ಪ ಓಲಾಡುತ್ತಲೇ ಇತ್ತು. ನಾನು ಸೇರಿದ ಹೊಸದರಲ್ಲಿ ಪೀಣ್ಯದ ಫೌಂಡ್ರಿಯೊಂದರ ಕೆಲಸಗಾರ ವಾರ್ಡಿನಲ್ಲಿದ್ದ. ಕಪ್ಪು ಮೈಬಣ್ಣದ, ಗಟ್ಟಿಮುಟ್ಟಾದ ಆಳು. ಫಾರಮಿನಲ್ಲಿ "ಚರ್ಮ ಕೆಂಪಾಗಿದೆಯೇ?" ಅಂತ ಇತ್ತು. ನಾನು ಟಾರ್ಚ್ ಬಿಟ್ಟು ನೋಡಿ "ಇಲ್ಲ" ಅಂತ ಬರೆದೆ. ಅನ್ನಮ್ಮ ಸಿಸ್ಟರ್ ನನ್ನ ಕೈ ಹಿಡಿದು, ಮಗುಚಿ, ಕೈಯ ಹಿಂಬದಿಯನ್ನು ಅವನ ಬಾಲಮೂಳೆಯ ಮೇಲೆ ಇಟ್ಟರು. ಆಮೇಲೆ ಪಕ್ಕದ ಚರ್ಮದ ಮೇಲೆ ಇಟ್ಟರು. ಒಂದು ಕಡೆ ಜ್ವರ ಬಂದ ಹಾಗೆ ಬಿಸಿ, ಇನ್ನೊಂದು ಕಡೆ ತಣ್ಣಗೆ.

"ಈ ಫಾರಂ ಬರೆದವರ ಊರಿನಲ್ಲಿ ಚರ್ಮ ಕೆಂಪಾಗ್ತದೆ. ನಮ್ಮ ಊರಿನಲ್ಲಿ ಬಿಸಿ ಆಗ್ತದೆ. ನೀನು ಯಾವ ಊರಲ್ಲಿ ಕೆಲಸ ಮಾಡ್ತಿ ಸರೋಜಾ?" ಅಂದರು.

ಆ ದಿನ ನಾಚಿಕೆಯಾಯಿತು. ಈಗ ಆ ವಾರ್ಡಿನ ಬೆಳಗಿನ ಹೊತ್ತು ಮತ್ತೆ ಮತ್ತೆ ನೆನಪಾಗುತ್ತದೆ. ಆರು ಗಂಟೆಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹಿಮ್ಮಡಿ, ಸೊಂಟ, ಬಾಲಮೂಳೆ, ಭುಜ ಮುಟ್ಟಿ ನೋಡುತ್ತಿದ್ದೆವು. ಯಾರ ಮೈಯೂ ಬಿಸಿಯಿಲ್ಲದ ದಿನ ಅನ್ನಮ್ಮ ಸಿಸ್ಟರ್ ಎಲ್ಲರಿಗೂ ಕಾಫಿ ತರಿಸುತ್ತಿದ್ದರು. ಆ ಸಪ್ಪೆ ಕಾಫಿಗಾಗಿ ನಾನು ಇವತ್ತೂ ಆರು ಗಂಟೆಗೆ ಎದ್ದು ಹೋಗಲು ತಯಾರು.

ಆಮೇಲೆ ನನ್ನನ್ನು ಮನೆ ಭೇಟಿಗೆ ಹಾಕಿದರು. ವೈಟ್‌ಫೀಲ್ಡ್ ಕಡೆಯಿಂದ ಜಿಗಣಿಯವರೆಗೆ, ಬೆನ್ನುಹುರಿ ಪೆಟ್ಟಾಗಿ ಮನೆ ಸೇರಿದವರನ್ನು ತಿಂಗಳಿಗೊಮ್ಮೆ ನೋಡಬೇಕು. ಪಟ್ಟಂದೂರು ಅಗ್ರಹಾರದಲ್ಲಿ ಮುನಿಯಪ್ಪ ಅಂತ ಒಬ್ಬರಿದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಬಾಡಿಗೆ ರೂಮುಗಳ ಸಾಲು ಕಟ್ಟಿಸಿದ ಯಜಮಾನರು. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅವರ ಬಲ ಪೃಷ್ಠದ ಮೇಲೆ ಒಂದು ವಿಚಿತ್ರವಾದ ಗುರುತು ಕಂಡಿತು, ಉದ್ದಕ್ಕೆ, ತುದಿಯಲ್ಲಿ ಹಲ್ಲು ಹಲ್ಲಾಗಿ. ಎರಡು ಭೇಟಿ ಆದರೂ ನನಗೆ ತಲೆಬುಡ ಗೊತ್ತಾಗಲಿಲ್ಲ. ಮೂರನೇ ಸಲ ಅವರ ಚಡ್ಡಿಯ ಹಿಂದಿನ ಜೇಬಿಗೆ ಕೈ ಹಾಕಿದೆ. ಎಲ್ಲ ರೂಮುಗಳ ಡೂಪ್ಲಿಕೇಟ್ ಕೀ ಗೊಂಚಲು!

"ಇದನ್ನ ನಿಮ್ಮ ಮಗನಿಗೆ ಕೊಡಿ ಯಜಮಾನ್ರೇ" ಅಂದೆ.

"ಅದೆಂಗವ್ವಾ ಕೊಡಾದು? ಕೀ ಕೊಟ್ಬುಟ್ರೆ ಯಜಮಾನ್ಕೆ ಕೊಟ್ಟಂಗೇ ಅಲ್ವಾ? ಕಾಲಂತೂ ಓಯ್ತು, ಇದೂ ಓಗ್ಬೇಕಾ?" ಅಂದರು.

ಕೊನೆಗೆ ಗೊಂಚಲನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಲು ಒಪ್ಪಿಸಿದೆ. ಎದೆಯ ಮೇಲೆ ಅದನ್ನು ಝಣಝಣ ಅನ್ನಿಸಿಕೊಂಡು ಅಂಗಳದಲ್ಲಿ ಗಾಲಿಕುರ್ಚಿ ಓಡಿಸುತ್ತಿದ್ದರು. ಗುರುತು ಒಂದು ತಿಂಗಳಲ್ಲಿ ಮಾಯವಾಯಿತು. ಇಂಥ ಒಂದೆರಡು ಗೆಲುವು ಸಿಕ್ಕಿ ನನಗೆ ಕೊಬ್ಬು ಬಂತು. ಜನ ಏನು ಮುಚ್ಚಿಟ್ಟರೂ ಕಂಡುಹಿಡಿಯುತ್ತೇನೆ ಅಂದುಕೊಂಡೆ. ಏನನ್ನೂ ಮುಚ್ಚಿಡದ ಮಾನಪ್ಪನ ಹತ್ತಿರ ಸಿಕ್ಕಿಬಿದ್ದೆ.

ಮಾನಪ್ಪ ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವನು. ವಯಸ್ಸು ಮೂವತ್ತರ ಆಸುಪಾಸು. ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಹಲಗೆ ಜಾರಿ ಮೂರನೇ ಮಹಡಿಯಿಂದ ಬಿದ್ದಿದ್ದ. ಮೂರು ತಿಂಗಳು ನಮ್ಮ ವಾರ್ಡಿನಲ್ಲಿದ್ದು, ತೋಳಿನ ಬಲದಲ್ಲೇ ಹಾಸಿಗೆಯಿಂದ ಕುರ್ಚಿಗೆ ಜಿಗಿಯುವುದನ್ನು ಎಲ್ಲರಿಗಿಂತ ಬೇಗ ಕಲಿತ. ಮನೆಗೆ ಹೋಗುವಾಗ ಗಾಲಿಕುರ್ಚಿ ಮತ್ತು ಅದರ ಮೇಲೆ ಹಾಕುವ ಗಾಳಿ ತುಂಬಿದ ಕುಶನ್ ಕೊಟ್ಟೆವು. ಅವನು ಅದನ್ನು ಗಾದಿ ಅನ್ನುತ್ತಿದ್ದ. ಜಿಗಣಿಯಲ್ಲಿ ಒಂದು ಶೀಟಿನ ರೂಮು, ಬಾಗಿಲಲ್ಲಿ ಒಂದು ಕಲ್ಲು ಚಪ್ಪಡಿ. ಹೆಂಡತಿ ಸಿದ್ದಮ್ಮ ಪ್ಯಾಕಿಂಗ್ ಕಾರ್ಖಾನೆಗೆ ಹೋಗುತ್ತಿದ್ದಳು. ಎರಡು ಬೀದಿ ಆಚೆ ಮೋಟರಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ವರ್ಕ್‌ಶಾಪ್ ಇತ್ತು. ಅದರ ಮಾಲೀಕ ರಾಜಣ್ಣ, ಮಾನಪ್ಪನ ಕೈಚಳಕ ನೋಡಿ, ಕೂತು ಮಾಡುವ ಕೆಲಸ ತಾನೇ ಅಂತ ಒಪ್ಪಿಕೊಂಡಿದ್ದ. ಗಾಲಿಕುರ್ಚಿಗೆ ಸರಿಯಾಗಿ ಒಂದು ಟೇಬಲ್ಲನ್ನು ತಗ್ಗಿಸಿಯೂ ಇಟ್ಟಿದ್ದ. ಮುಂದಿನ ತಿಂಗಳಿಂದ ಬಾ ಅಂದಿದ್ದ. ಬಿದ್ದ ಮೇಲೆ ಮಾನಪ್ಪನ ಮುಖದಲ್ಲಿ ನಾನು ನಗು ನೋಡಿದ್ದು ಆ ಸುದ್ದಿ ಹೇಳುವಾಗಲೇ.

ಭೇಟಿಗೆ ಹೋಗುವ ಮೊದಲು ಫೋನ್ ಮಾಡಿ ಹೇಳುವುದು ನಮ್ಮ ಪದ್ಧತಿ. ಹೋದಾಗಲೆಲ್ಲ ಸಿದ್ದಮ್ಮ ನೆಲ ಸಾರಿಸಿ, ಚಾ ಇಟ್ಟು, ನನಗೆ ಕೂರಲು ಮೆತ್ತನೆಯದೊಂದನ್ನು ಹಾಸುತ್ತಿದ್ದಳು. ಮಾನಪ್ಪ ಕುರ್ಚಿಯಲ್ಲಿ ಕಾಲ ಮೇಲೆ ಚಾದರ ಹೊದ್ದು ಕೂತಿರುತ್ತಿದ್ದ. ನಾನು ಆರಾಮವಾಗಿ ಕೂತು ಫಾರಂ ತುಂಬುತ್ತಿದ್ದೆ. ಕುಶನ್ ಇದೆಯೇ? ಹೌದು. ಬಳಸುತ್ತಾರೆಯೇ? ಹೌದು. ಆರು ಭೇಟಿ, ಆರು ಟಿಕ್ಕು. ಐದು ಸಲ ಚರ್ಮವನ್ನೂ ಮುಟ್ಟಿ ನೋಡಿದ್ದೆ, ಚೆನ್ನಾಗಿತ್ತು. ಆರನೇ ಸಲ ಇನ್ನೂ ನಾಲ್ಕು ಮನೆ ಬಾಕಿ ಇದ್ದವು. "ಎಲ್ಲಾ ಚೆನ್ನಾಗಿದೆಯಾ ಮಾನಪ್ಪ?" ಅಂದೆ. "ಚಲೋ ಐತ್ರಿ ಅಕ್ಕಾರ" ಅಂದ. ಮುಟ್ಟದೆ ಎದ್ದು ಬಂದೆ.

ಎರಡು ವಾರದ ಮೇಲೆ ಪಕ್ಕದ ಬೀದಿಯ ಕೆಲಸ ಬೇಗ ಮುಗಿಯಿತು. ಫೋನ್ ಮಾಡದೆಯೇ ಮಾನಪ್ಪನ ಮನೆ ಕಡೆ ಹೆಜ್ಜೆ ಹಾಕಿದೆ. ಅವನು ಬಾಗಿಲ ಮುಂದಿನ ಕಲ್ಲು ಚಪ್ಪಡಿಯ ಮೇಲೆ ಕೂತು, ರಾಜಣ್ಣ ಕೊಟ್ಟ ಹಳೇ ತಂತಿಯನ್ನು ಸುತ್ತಿ ಬಿಚ್ಚಿ ಅಭ್ಯಾಸ ಮಾಡುತ್ತಿದ್ದ. ಸಿದ್ದಮ್ಮನಿಗೆ ಅವತ್ತು ವಾರದ ರಜೆ.

"ಅಯ್ಯ, ಅಕ್ಕಾರ! ಫೋನ ಮಾಡಿಲ್ಲಲ್ರಿ? ಬರ್ರಿ, ಬರ್ರಿ. ಏ, ಗಾದಿ ತಗೀ, ಅಕ್ಕಾರ್ ಬಂದಾರ!"

ಸಿದ್ದಮ್ಮ ಒಳಗೆ ಮೊಳೆಗೆ ತೂಗುಹಾಕಿದ್ದ ಕುಶನ್ನನ್ನು ತೆಗೆದು, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟಳು. ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಆರು ತಿಂಗಳು ನಾನು ಕೂತದ್ದು ಅದರ ಮೇಲೆಯೇ. ಮೇಲೆ ಒಂದು ಟವೆಲ್ ಹಾಸಿರುತ್ತಿದ್ದರು, ನಾನು ಎತ್ತಿ ನೋಡಿರಲಿಲ್ಲ. ಕುರ್ಚಿಯಲ್ಲಿ ಅವನ ಚಾದರದಡಿ ಏನಿದೆ ಅಂತಲೂ ನೋಡಿರಲಿಲ್ಲ.

"ಮಾನಪ್ಪ, ನೀನು ಇದರ ಮೇಲೆ ಯಾವಾಗ ಕೂತಿದ್ದೆ?"

ಅವನು ನಕ್ಕ. "ನಾ ಯಾಕ ಕುಂದ್ರಲ್ರಿ? ನನಗ ಕಲ್ಲಾದ್ರೂ ಅಷ್ಟ, ಗಾದಿ ಆದ್ರೂ ಅಷ್ಟ. ತಿಳಿಯೂದ ಇಲ್ಲ. ನಿಮಗಾದ್ರ ತಿಳಿತೈತಲ್ರಿ ಅಕ್ಕಾರ. ದೂರದಿಂದ ಬಂದಿರ್ತೀರಿ."

ಕುರ್ಚಿಯನ್ನೂ ಅವನು ಬಳಸುತ್ತಿರಲಿಲ್ಲ. ಕೆಲಸಕ್ಕೆ ಹೋಗುವಾಗ ಹೊಸದಾಗಿರಲಿ ಅಂತ ಒರೆಸಿ ಮಡಚಿ ಇಟ್ಟಿದ್ದ, ನನ್ನ ಭೇಟಿಯ ದಿನ ಮಾತ್ರ ಬಿಚ್ಚುತ್ತಿದ್ದ. ಕೆಲಸ ಎಂಟು ತಾಸು, ಕೂತು ರೂಢಿಯಾಗಬೇಕು ಅಂತ ಮೂರು ವಾರದಿಂದ ಬೆಳಗ್ಗೆ ಸಿದ್ದಮ್ಮ ಹೋದಾಗಿನಿಂದ ಸಂಜೆ ಬರುವವರೆಗೆ ಆ ಕಲ್ಲಿನ ಮೇಲೆ ಕೂರುತ್ತಿದ್ದನಂತೆ. ಇದನ್ನು ಅವನು ಹೆಮ್ಮೆಯಿಂದ ಹೇಳಿದ. ವಾರ್ಡಿನಲ್ಲಿ ಆ ಕುಶನ್ ಕೊಡುವಾಗ "ಮೆತ್ತಗಿರುತ್ತೆ, ಇದರ ಮೇಲೆ ಕೂತ್ಕೋ" ಅಂತ ಹೇಳಿದವಳು ನಾನೇ. ಮೆತ್ತಗಿರುವುದು ಗೊತ್ತಾಗುವವರಿಗೆ ತಾನೇ ಮೆತ್ತನೆಯದು ಬೇಕು? ಅವನ ಲೆಕ್ಕದಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

ಒಳಗೆ ಮಲಗಿಸಿ ನೋಡಿದೆ. ಎಡಗಡೆ, ಕೂರುವ ಮೂಳೆಯ ಕೆಳಗೆ, ರೂಪಾಯಿ ಬಿಲ್ಲೆಯಷ್ಟು ಅಗಲದ ಕಪ್ಪು. ಸುತ್ತ ಬಿಸಿ. ಒತ್ತಿದರೆ ತುಂಬಾ ಹಣ್ಣಾದ ಬಾಳೆಹಣ್ಣಿನ ಹಾಗೆ ಒಳಗೆಲ್ಲ ಮೆತ್ತಗಾಗಿತ್ತು. ಮೇಲೆ ಕಂಡದ್ದು ಬಿಲ್ಲೆಯಷ್ಟು, ಕೆಳಗೆ ಮುಷ್ಟಿಯಷ್ಟಿರುತ್ತದೆ ಅಂತ ನನಗೆ ಗೊತ್ತಿತ್ತು.

"ನೀನು ಇನ್ನು ಕೂರುವ ಹಾಗಿಲ್ಲ ಮಾನಪ್ಪ. ಬೋರಲು ಮಲಗಬೇಕು. ತಿಂಗಳುಗಟ್ಟಲೆ."

"ಕೆಲಸಕ್ಕ ಇನ್ನಾ ಹನ್ನೊಂದ ದಿನ ಐತ್ರಿ. ಅಷ್ಟರಾಗ ಮಾಯಂಗಿಲ್ಲೇನ್ರಿ?"

"ಇಲ್ಲ."

ಅವನು ಗೋಡೆ ಕಡೆ ಮುಖ ತಿರುಗಿಸಿದ. ಸಿದ್ದಮ್ಮ ಜಗಳವಾಡಲಿಲ್ಲ. ಮೆಲ್ಲಗೆ, "ಹೋದ ಸಲ ಬಂದಾಗ ಎಲ್ಲಾ ಚಲೋ ಐತಿ ಅಂತ ನೀವ ಬರಕೊಂಡ್ರಲ್ರಿ ಅಕ್ಕಾರ" ಅಂದಳು.

ಕೇಂದ್ರಕ್ಕೆ ಬಂದು ಆರು ಫಾರಮುಗಳನ್ನೂ ಅನ್ನಮ್ಮ ಸಿಸ್ಟರ್ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು.

"ಕುಶನ್ ಬಳಕೆ, ಹೌದು. ಯಾರು ಕೂತದ್ದು?"

"ನಾನು, ಸಿಸ್ಟರ್."

"ಹಾಗಾದರೆ ಇದು ನಿನ್ನ ಸ್ಕೋರು. ಅವನದ್ದು ಎಲ್ಲಿ?"

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಒಂದು ಖಾಲಿ ಫಾರಂ ನನ್ನ ಕಡೆ ತಳ್ಳಿ, ತಮ್ಮ ಕೆಲಸಕ್ಕೆ ಎದ್ದು ಹೋದರು.

ಮಾರನೇ ದಿನ ರಾಜಣ್ಣನ ವರ್ಕ್‌ಶಾಪಿಗೆ ಹೋದೆ. ತಪ್ಪು ನನ್ನದು, ಮಾನಪ್ಪನದಲ್ಲ, ಜಾಗ ಸ್ವಲ್ಪ ದಿನ ಇಟ್ಟುಕೊಳ್ಳಿ ಅಂತ ಕೇಳಿದೆ.

"ಮೇಡಂ, ನಾನೇನ್ ಕೆಟ್ಟೋನಲ್ಲ ಕಣ್ರೀ. ಟೇಬಲ್ ಕೂಡ ರೆಡಿ ಮಾಡ್ಸಿದ್ದೆ, ನೋಡಿ ಅಲ್ಲಿ. ಆದ್ರೆ ಆರ್ಡರ್ ತಗೊಂಡ್ಬಿಟ್ಟಿದೀನಿ, ತಿಂಗಳುಗಟ್ಲೆ ಖಾಲಿ ಬಿಡಕ್ಕಾಗಲ್ಲ. ಹುಷಾರಾದ್ಮೇಲೆ ಬರಕ್ಕೇಳಿ, ನೋಡೋಣ."

ನೋಡೋಣ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಆ ತಗ್ಗಿಸಿದ ಟೇಬಲ್ಲನ್ನು ನೋಡಿ ಹೊರಗೆ ಬಂದು, ರಸ್ತೆಯ ಪಕ್ಕ ನಿಂತು ಅತ್ತೆ. ಆ ರಸ್ತೆಯಲ್ಲಿ ಟಿಪ್ಪರ್ ಲಾರಿಗಳ ಧೂಳಿಗೆ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ, ಆದ್ದರಿಂದ ಯಾರೂ ಗಮನಿಸಲಿಲ್ಲ.

ಮಾನಪ್ಪ ಮತ್ತೆ ವಾರ್ಡಿಗೆ ಬಂದ. ಮನೆ ಭೇಟಿಗೆ ಹೊರಡುವ ಮೊದಲು ದಿನಾ ಅವನ ಡ್ರೆಸ್ಸಿಂಗ್ ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಸತ್ತ ಮಾಂಸ ಕೊಯ್ದು ತೆಗೆದರು. ದಿನವೆಲ್ಲ ಬೋರಲು. ಹಗಲು ಹೊತ್ತು ಗಾಲಿಯ ಟ್ರಾಲಿಯ ಮೇಲೆ ಹೊಟ್ಟೆ ಊರಿ ಮಲಗಿ, ಕೈಯಿಂದ ಚಕ್ರ ತಿರುಗಿಸುತ್ತ ಓಡಾಡಬಹುದು. ಎರಡು ವಾರ ಅವನು ನನ್ನ ಹತ್ತಿರ ಮಾತಾಡಲಿಲ್ಲ. "ಮಂದಿ ಮೊಣಕಾಲಷ್ಟ ಕಾಣ್ತಾವು" ಅಂತ ಪಕ್ಕದವನಿಗೆ ಹೇಳುವುದು ಕೇಳಿಸಿತು. ಅವತ್ತಿನಿಂದ ನಾನು ಡ್ರೆಸ್ಸಿಂಗ್ ಮುಗಿಸಿ ಅವನ ಟ್ರಾಲಿಯ ಮುಂದೆ ನೆಲದ ಮೇಲೆ ಕೂರತೊಡಗಿದೆ, ಮುಖ ಕಾಣಲಿ ಅಂತ. ಬೇರೆ ನರ್ಸುಗಳು ನಗುತ್ತಿದ್ದರು. ನಗಲಿ ಅಂತ ಸುಮ್ಮನಿದ್ದೆ. ಒಂದು ದಿನ ಅವನೇ ಕೇಳಿದ.

"ಅಕ್ಕಾರ, ಭಾಳ ಹೊತ್ತ ಕುಂತ್ರ ನಿಮಗ ಏನ ತಿಳಿತೈತ್ರಿ? ನನಗ ಮರತಹೋಗೈತಿ."

ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನೆಲದ ಮೇಲೆ ಕೂತಲ್ಲೇ ಸ್ವಲ್ಪ ಹೊತ್ತು ಕಾದು, ಆದದ್ದನ್ನು ಆದ ಹಾಗೆ ಹೇಳುತ್ತ ಹೋದೆ. ಮೊದಲು ಏನೂ ಇಲ್ಲ. ಆಮೇಲೆ ಮೂಳೆ ಇರುವ ಕಡೆ ಭಾರ. ಆಮೇಲೆ ಉರಿ. ಆಮೇಲೆ ಜೋಮು. ಈಗ ಸರಿಯದೆ ಇರಲು ಆಗುವುದಿಲ್ಲ, ಸರಿದೆ.

"ಎಷ್ಟ ಹೊತ್ತಾತ್ರಿ?"

ಗೋಡೆ ಗಡಿಯಾರ ನೋಡಿದೆ. "ಹೆಚ್ಚೂ ಕಡಿಮೆ ಕಾಲು ಗಂಟೆ."

ಅವನು ಬೆರಳಲ್ಲಿ ಲೆಕ್ಕ ಹಾಕಿದ. "ಒಂದ ಕಾಯಿಲ್ ಸುತ್ತಾಕೂ ಅಷ್ಟ ಹೊತ್ತ ಹಿಡಿತೈತ್ರಿ. ಹಂಗಾದ್ರ ಒಂದ ಕಾಯಿಲ್ ಮುಗೀತಂದ್ರ, ಎರಡೂ ಕೈಯೂರಿ ಒಮ್ಮಿ ಮೈ ಎತ್ತೂದು. ಆತಿಲ್ರಿ?"

ಹದಿನೈದು ನಿಮಿಷಕ್ಕೊಮ್ಮೆ ಮೈ ಎತ್ತು ಅಂತ ನಾವು ಮೂರು ತಿಂಗಳು ಅವನ ತಲೆ ತಿಂದಿದ್ದೆವು. ಯಾಕೆ ಅಂತ ಅವನಿಗೆ ಅರ್ಥವಾದದ್ದು ಆ ದಿನ, ನೆಲದ ಮೇಲೆ. ನನಗೂ ಆ ದಿನವೇ ಅರ್ಥವಾದದ್ದು.

ಹುಣ್ಣು ಕೂಡಿಕೊಳ್ಳಲು ಏಳು ತಿಂಗಳು ಬೇಕಾಯಿತು. ಆಮೇಲೆ ಕುಶನ್ ಮೇಲೆ ಮೊದಲ ದಿನ ಐದೇ ನಿಮಿಷ ಕೂರಿಸಿ, ಮಲಗಿಸಿ, ಮುಟ್ಟಿ ನೋಡುವುದು. ಬಿಸಿ ಇಲ್ಲದಿದ್ದರೆ ಮರುದಿನ ಹತ್ತು ನಿಮಿಷ. ಮಗುವಿಗೆ ಕೂರಲು ಕಲಿಸುವ ಹಾಗೆ. ಉಬ್ಬಿ ಬಂದ ಗಾಯದ ಕಲೆಯ ಮೇಲೆ ಕೈಯ ಹಿಂಬದಿ ಇಟ್ಟು, "ತಣ್ಣಗಿದೆ" ಅಂತ ನಾನು ಹೇಳುವುದನ್ನು ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಆ ಒಂದು ಮಾತು ಹೇಳುವ ಭಾಗ್ಯಕ್ಕಾಗಿ ನನ್ನ ಮನಸ್ಸು ಈಗ ಹಂಬಲಿಸುತ್ತದೆ. ಪಿಂಚಣಿ ಬರುತ್ತದೆ, ಮೊಮ್ಮಗಳು ಇದ್ದಾಳೆ, ಎಲ್ಲ ಇದೆ. ಆದರೆ ಬೆಳಗ್ಗೆ ಎದ್ದರೆ ನನ್ನ ಒಂದು ಮಾತಿಗೆ ಕಾಯುವವರು ಯಾರೂ ಇಲ್ಲ.

ರಾಜಣ್ಣನ ಜಾಗ ತುಂಬಿತ್ತು. ಮಾನಪ್ಪ ಜಿಗಣಿಯ ರೂಮಿಗೆ ವಾಪಸು ಹೋಗಿ, ಸಿಕ್ಕಿದ ಚಿಲ್ಲರೆ ಕೆಲಸಕ್ಕೆ ಕುರ್ಚಿ ಓಡಿಸಿಕೊಂಡು ಕೆಲವು ವರ್ಷ ಅಲೆದ. ತಿಂಗಳಿಗೊಮ್ಮೆ ರಾಜಣ್ಣನ ಬಾಗಿಲಿಗೂ ಹೋಗಿ ಬರುತ್ತಿದ್ದನಂತೆ. ಆ ಬಾಗಿಲಿನ ವಿಷಯ ಮಾತ್ರ ನಾನು ಕೇಳುತ್ತಿರಲಿಲ್ಲ, ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೂ ಬದಲಾಯಿತು. ಅನ್ನಮ್ಮ ಸಿಸ್ಟರ್ ನಿವೃತ್ತಿಯಾಗಿ ಊರಿಗೆ ಹೋದರು. ಕಾಗದದ ಫಾರಂ ಹೋಗಿ ಟ್ಯಾಬ್ ಬಂತು. ಕುರ್ಚಿಯ ಮೇಲೆ ಹಾಸಿದರೆ ಭಾರ ಎಲ್ಲಿ ಬೀಳುತ್ತಿದೆ ಅಂತ ಕೆಂಪು ಹಸಿರು ಬಣ್ಣದಲ್ಲಿ ತೋರಿಸುವ ಹಾಸು ಬಂತು. ನಾನು ಅದನ್ನೆಲ್ಲ ಬೈಯುವವಳಲ್ಲ. ಆ ಹಾಸು ನನ್ನ ಕೈಗಿಂತ ಚುರುಕು. ಆದರೆ ಅದು ತನ್ನ ಮೇಲೆ ಕೂತವರ ಭಾರವನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಹೊಸಬರಿಗೆ ನನ್ನ ಮಾತು ಇಷ್ಟು: ಯಾರ ಮನೆಯಲ್ಲೂ ಅವರು ಹಾಸಿದ್ದರ ಮೇಲೆ ತಕ್ಷಣ ಕೂರಬೇಡಿ. "ಇವತ್ತು ಬೆಳಗ್ಗೆ ಎದ್ದ ಮೇಲೆ ಎಲ್ಲೆಲ್ಲಿ ಕೂತಿದ್ರಿ?" ಅಂತ ಮೊದಲು ಕೇಳಿ. ಆಗಾಗ ಫೋನ್ ಮಾಡದೆ ಹೋಗಿ. ಮನೆಯವರು ಮುಖ ಸಿಂಡರಿಸಿದರೆ ಕ್ಷಮೆ ಕೇಳಿ, ಆದರೆ ಹೋಗಿ. ಎಷ್ಟೇ ಅವಸರ ಇದ್ದರೂ ಮುಟ್ಟದೆ ಎದ್ದು ಬರಬೇಡಿ.

ನಿವೃತ್ತಿಯ ವಾರ ಕೊನೆಯ ಭೇಟಿಗಳ ಪಟ್ಟಿಯಲ್ಲಿ ಮಾನಪ್ಪನ ಹೆಸರಿತ್ತು. ಅವನನ್ನು ಕೊನೆಗೆ ಇಟ್ಟುಕೊಂಡೆ, ಸಮಾಧಾನವಾಗಿ ಕೂತು ಮಾತಾಡೋಣ ಅಂತ. ಬೆಳಗ್ಗೆ ಹನ್ನೊಂದಕ್ಕೆ, ಫೋನ್ ಮಾಡದೆಯೇ, ಹೋದರೆ ರೂಮಿಗೆ ಬೀಗ. ಇಂಥ ರೋಗಿಯ ಮನೆಗೆ ಬೀಗ ಬಿದ್ದಿದ್ದರೆ ನಮಗೆ ಮೊದಲು ಆಸ್ಪತ್ರೆಯೇ ನೆನಪಾಗುವುದು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು.

"ಅವ್ರಾ? ಇಬ್ರೂ ಡ್ಯೂಟಿಗೆ ಓಗವ್ರೆ ಕಣಕ್ಕ. ಅಲ್ಲಿ ಜಾಗ ಖಾಲಿ ಆಯ್ತಂತೆ, ವಾರ ಆಯ್ತು, ಆವಯ್ಯ ರಾಜಣ್ಣನ ಅಂಗ್ಡಿಗೇ ಸೇರ್ಕೊಂಡವ್ರಲ್ಲ? ಗಾದಿ ಮ್ಯಾಲೆ ಕೂತ್ಕಂಡು, ಕುರ್ಚಿ ತಳ್ಕಂಡು ಎಂಟು ಗಂಟೆಗೆಲ್ಲ ಓಯ್ತಾರೆ. ಸಂಜೆ ಬನ್ನಿ."

ಸಂಜೆಗೆ ನಾನು ಟ್ಯಾಬನ್ನೂ ಗುರುತಿನ ಚೀಟಿಯನ್ನೂ ಕೇಂದ್ರಕ್ಕೆ ಒಪ್ಪಿಸಬೇಕಿತ್ತು. ವರ್ಕ್‌ಶಾಪ್ ಎರಡೇ ಬೀದಿ ದೂರ. ಬೇಗ ಬೇಗ ನಡೆದು ಮೂಲೆಯವರೆಗೆ ಹೋದೆ. ಅಲ್ಲಿಂದ ಯಂತ್ರದ ಸದ್ದು ಕೇಳುತ್ತಿತ್ತು. ಇನ್ನು ಹತ್ತು ಹೆಜ್ಜೆ ಹಾಕಿದರೆ ಅವನು ಕಾಣುತ್ತಿದ್ದ. ಆದರೆ ನರ್ಸ್ ಸೀರೆಯಲ್ಲಿ, ಬ್ಯಾಗು, ಟ್ಯಾಬು ಹಿಡಿದು ನಾನು ಒಳಗೆ ಹೋದರೆ, ಜೊತೆ ಕೆಲಸದವರ ಕಣ್ಣಲ್ಲಿ ಅವನು ಆ ಕ್ಷಣದಿಂದ ರೋಗಿ. ನಾನು ನೋಡಬೇಕೆಂಬ ಆಸೆಗೆ ಅಷ್ಟು ಬೆಲೆ ಅವನು ಯಾಕೆ ಕೊಡಬೇಕು? ಅಲ್ಲೇ ನಿಂತೆ. ಒಂದು ಕಾಯಿಲ್ ಮುಗಿಯುವಷ್ಟು ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ. ಈಗ ಮೈ ಎತ್ತಿರುತ್ತಾನೆ ಅಂತ ಅಂದಾಜು ಮಾಡಿ ಹಿಂದಿರುಗಿದೆ.

ಬಸ್ ಸ್ಟಾಪಿನಲ್ಲಿ ಟ್ಯಾಬ್ ತೆರೆದೆ. ಭೇಟಿ ಆಗಲಿಲ್ಲ ಅಂತ ಒತ್ತಿದರೆ ಅದು ಕಾರಣ ಕೇಳುತ್ತದೆ. ವಿಳಾಸ ಬದಲಾಗಿದೆ, ಆಸ್ಪತ್ರೆಯಲ್ಲಿದ್ದಾರೆ, ಮರಣ ಹೊಂದಿದ್ದಾರೆ, ಇತರೆ. ಟ್ಯಾಬ್ ಬಂದಾಗಿನಿಂದ ಮೊದಲ ಮೂರನ್ನೂ ಸಾಕಷ್ಟು ಸಲ ಒತ್ತಿದ್ದೇನೆ. ಅವತ್ತು "ಇತರೆ" ಒತ್ತಿ, ಖಾಲಿ ಜಾಗದಲ್ಲಿ "ಕೆಲಸಕ್ಕೆ ಹೋಗಿದ್ದಾರೆ" ಅಂತ ಬರೆದೆ.